ಎದ್ದು ಅಡ್ಡಾಡ್ತಾರೇನ್ರಿ?

ಹಾವೇರಿ ಬಳಿಯ ನಮ್ಮ ಅಗಡಿಯಲ್ಲಿ ವಯಸ್ಸಾದವರು ಯಾರಾದರೂ ದವಾಖಾನೆಯಿಂದ ಮರಳಿದರೆ ಓಣಿಯ ಜನ ನೋಡಲು ಬರುತ್ತಾರೆ. ಬಂದವರು ಕೇಳುವ ಮೊದಲ ಮಾತು, "ಎದ್ದು ಅಡ್ಡಾಡ್ತಾರೇನ್ರಿ?" ಆಮೇಲೆ, "ಊಟ ಹೋಗ್ತದ?" ಮತ್ತೆ, "ಮಂದೀನ್ನ ಗುರ್ತಾ ಹಿಡೀತಾರ?" ಯಾವ ಜಡ್ಡು, ಯಾವ ಡಾಕ್ಟರು, ಎಷ್ಟು ಖರ್ಚಾಯಿತು ಎಂಬ ವಿಚಾರಣೆ ಈ ಮೂರೂ ಮುಗಿದ ಮೇಲೆ. ನಮ್ಮೂರಿನ ಹೆಣ್ಣುಮಕ್ಕಳು ಸಹಜವಾಗಿ ಕೇಳುವ ಈ ಪ್ರಶ್ನೆಗಳನ್ನೇ ಮುಪ್ಪಿನ ವೈದ್ಯಶಾಸ್ತ್ರವೂ ಕೇಳುತ್ತದೆ ಎಂಬುದು ನನಗೆ ಗೊತ್ತಾದದ್ದು ನನ್ನ ಅತ್ತೆಯವರ ಎರಡು ಕಾಯಿಲೆಗಳ ನಡುವಿನ ಕಾಲದಲ್ಲಿ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಮಾತ್ರ ಈ ಮೂರಕ್ಕೂ ಉತ್ತರ ಇರುವುದಿಲ್ಲ. ಹಿಮೋಗ್ಲೋಬಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು, ಎಕ್ಸ್‌ರೇಯಲ್ಲಿ ಏನು ಕಂಡಿತು, ಎಲ್ಲ ಇರುತ್ತದೆ. ಬಂದಾಗ ಕೋಲು ಹಿಡಿದು ನಡೆದು ಬಂದವರು ಹೋಗುವಾಗ ಸ್ಟ್ರೆಚರ್ ಮೇಲೆ ಹೋದರು ಎಂಬುದು ಎಲ್ಲೂ ಬರೆದಿರುವುದಿಲ್ಲ. ಜಡ್ಡು ವಾಸಿಯಾಯಿತು, ಮನುಷ್ಯ ಹಾಸಿಗೆ ಹಿಡಿದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಊರುಗಳಲ್ಲಿ ಇಂಥ ಮನೆ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಅತ್ತೆಯವರು ಎಪ್ಪತ್ತು ದಾಟಿದ ಮೇಲೂ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ಎಮ್ಮೆಯ ಕೆಲಸ ಮುಗಿಸಿ, ಊರಿನ ಆನಂದವನ ಮಠಕ್ಕೆ ಹೋಗಿ ಕೈಮುಗಿದು ಬರುತ್ತಿದ್ದವರು. ಮಾವನವರಿದ್ದಾಗ ನಮ್ಮದು ಮೆಣಸಿನಕಾಯಿ ಹೊಲ. ಬ್ಯಾಡಗಿ ಮಾರುಕಟ್ಟೆ ಕೂಡುವುದು ಸೋಮವಾರ ಮತ್ತು ಗುರುವಾರ. ಅತ್ತೆಯವರ ಇಡೀ ವಾರದ ಲೆಕ್ಕ ಆ ಎರಡು ದಿನಗಳ ಮೇಲೆಯೇ ನಿಂತಿತ್ತು. ಕಣ್ಣಿಗೆ ದಪ್ಪ ಚಾಳೀಸು, ಎಡಗಿವಿ ಮಂದ, ಬಿ.ಪಿ. ಗುಳಿಗೆ. ಇಷ್ಟು ಬಿಟ್ಟರೆ ದವಾಖಾನೆಯ ಹಂಗಿರಲಿಲ್ಲ.

ಒಂದು ಚಳಿಗಾಲದಲ್ಲಿ ಅವರು ಊಟ ಬಿಟ್ಟರು. ಜ್ವರ ಇರಲಿಲ್ಲ, ಕೆಮ್ಮೂ ಅಷ್ಟಕ್ಕಷ್ಟೆ. ಎರಡು ದಿನಕ್ಕೆ ಬಚ್ಚಲಿನ ಹತ್ತಿರ ಕುಸಿದು ಕುಳಿತರು. ಸುಸ್ತಾಗಿರಬೇಕು ಎಂದರು ಎಲ್ಲರೂ. ಎಕ್ಸ್‌ರೇ ತೆಗೆಸಿದಾಗ ನ್ಯುಮೋನಿಯಾ. ಮುದಿ ದೇಹ ರೋಗವನ್ನು ಹರೆಯದ ದೇಹದಂತೆ ತೋರಿಸುವುದಿಲ್ಲ. ಸೋಂಕಿದ್ದರೂ ಮೈ ಬಿಸಿಯಾಗದೇ ಇರಬಹುದು, ಹೃದಯಾಘಾತವಾದರೂ ಎದೆ ನೋಯದೇ ಇರಬಹುದು. ಊಟ ಬಿಡುವುದು, ಬೀಳುವುದು, ಇದ್ದಕ್ಕಿದ್ದಂತೆ ಮಾತು ತಪ್ಪುವುದು, ಇವೇ ಎಷ್ಟೋ ಸಲ ಮೊದಲ ಲಕ್ಷಣ. "ವಯಸ್ಸಾತು, ಹಂಗಽ ಇರ್ತದ" ಎಂದು ಸುಮ್ಮನಾಗುವ ಮಾತು ಎಷ್ಟು ಅಪಾಯದ್ದು ಎಂದು ಅಂದೇ ತಿಳಿದೆ.

ನಾವು ಸೇರಿಸಿದ ನರ್ಸಿಂಗ್ ಹೋಮಿನಲ್ಲಿ ನ್ಯುಮೋನಿಯಾಕ್ಕೆ ಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಆಂಟಿಬಯೋಟಿಕ್, ಆಕ್ಸಿಜನ್, ಸಲೈನ್ ಎಲ್ಲ ಹೊತ್ತಿಗೆ ಸರಿಯಾಗಿ ಸಿಕ್ಕವು. ಆದರೆ ಹಾಸಿಗೆಗೆ ಹಾಕಿದ ಕೂಡಲೇ ಚಾಳೀಸು ತೆಗೆದು ಚೀಲಕ್ಕೆ ಹಾಕಿಸಿದರು, ಕಳೆದುಹೋದೀತೆಂದು. ಬಚ್ಚಲಿಗೆ ಕರೆದೊಯ್ಯುವ ತೊಂದರೆ ತಪ್ಪಲಿ ಎಂದು ಮೂತ್ರಕ್ಕೆ ನಳಿಗೆ ಹಾಕಿದರು. ಬೀಳಬಾರದೆಂದು ಮಂಚದ ಎರಡೂ ಕಡೆ ಕಂಬಿ ಏರಿಸಿದರು. ರಾತ್ರಿಯಿಡೀ ದೀಪ ಉರಿಯುತ್ತಿತ್ತು, ಪಕ್ಕದ ಹಾಸಿಗೆಯವರ ಮಾತು, ಮೊಬೈಲು, ನಡುನಡುವೆ ಬಿ.ಪಿ. ನೋಡಲು ಎಬ್ಬಿಸುವುದು. ಮೈ ತುರಿಕೆ ಎಂದದ್ದಕ್ಕೆ ಅಲರ್ಜಿಯ ಇಂಜೆಕ್ಷನ್ ಒಂದು. ಮಾರನೆಯ ರಾತ್ರಿ ಅವರಿಗೆ ನನ್ನ ಗುರುತು ಸಿಗಲಿಲ್ಲ.

"ಎಮ್ಮಿ ಬಿಚ್ಕೊಂಡೈತಿ, ಹಿಡೀರಿ" ಎಂದು ಕೂಗಿದರು. ಗೋಡೆಯ ಮೇಲೆ ಇರುವೆ ಹತ್ತಿವೆ ಎಂದು ಕೈಬೀಸಿದರು. ಸಲೈನಿನ ಸೂಜಿ ಕಿತ್ತರು. ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದರು. ವಾರ್ಡಿನ ಇತರರು ಗಾಳಿ ಸೋಕಿದೆ ಎಂದರು, ಊರಿಂದ ಅಂಗಾರ ತರಿಸಿ ಹಚ್ಚಿರಿ ಎಂದರು. ಒಬ್ಬರು, "ಇನ್ನ ಇದು ಮರವಿನ ಜಡ್ಡು, ವಾಪಸ್ ಬರೂದಿಲ್ಲ" ಎಂದೂ ಹೇಳಿಬಿಟ್ಟರು. ನಾಲ್ಕು ದಶಕ ಮನೆಯ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ ಹೆಣ್ಣುಮಗಳ ಕೈ ಕಟ್ಟಿದ್ದನ್ನು ನೋಡುತ್ತ ನಿಂತಿರುವುದು ಎಂಥ ಸಂಕಟ ಎಂದು ಬರೆಯಲು ನನ್ನಲ್ಲಿ ಮಾತಿಲ್ಲ.

ಅಂದು ರಾತ್ರಿಪಾಳಿಯಲ್ಲಿದ್ದ ಎಳೆಯ ಡಾಕ್ಟರರೊಬ್ಬರು ನನ್ನನ್ನು ಹೊರಗೆ ಕರೆದು, ಇದು ಮರೆವಿನ ಕಾಯಿಲೆ ಅಲ್ಲ, ಡೆಲಿರಿಯಂ, ಇಳಿಯುತ್ತದೆ ಎಂದು ತಿಳಿಸಿ ಹೇಳಿದರು. ಆ ಐದು ನಿಮಿಷದ ಮಾತಿಗೆ ನಾನು ಇವತ್ತಿಗೂ ಋಣಿ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ, ಹೊತ್ತಿಗೊಂದು ರೀತಿ ಇರುತ್ತದೆ, ಸಂಜೆಯಾದಂತೆ ಹೆಚ್ಚುತ್ತದೆ. ಸೋಂಕು, ನೀರಿನ ಕೊರತೆ, ನೋವು, ಮಲಬದ್ಧತೆ, ಮೂತ್ರ ಕಟ್ಟುವುದು, ನಿದ್ದೆಗೇಡು, ಕೆಲವು ಔಷಧಗಳು, ಇವುಗಳಲ್ಲಿ ಯಾವುದು ಬೇಕಾದರೂ ಕಾರಣವಾಗಬಹುದು. ಬಹಳ ಸಲ ಎರಡು ಮೂರು ಕೂಡಿಯೇ ಬರುತ್ತವೆ. ಕಾರಣ ಹುಡುಕಿ ತೆಗೆದರೆ ಸಾಮಾನ್ಯವಾಗಿ ಬುದ್ಧಿ ಮರಳುತ್ತದೆ, ಕೆಲವರಿಗೆ ಅದಕ್ಕೆ ವಾರಗಳೇ ಹಿಡಿಯುತ್ತವೆ.

ಆ ಡಾಕ್ಟರು ಹೇಳಿದ ಇನ್ನೊಂದು ವಿಷಯ ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು. ಕೂಗಾಡುವ ಡೆಲಿರಿಯಂ ಎಲ್ಲರ ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಮಲಗಿಸುವ ಡೆಲಿರಿಯಂ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕನೆಯ ದಿನ ಅತ್ತೆ ಕೂಗಾಟ ನಿಲ್ಲಿಸಿ ಗೋಡೆ ನೋಡುತ್ತ ಮಲಗಿದಾಗ ವಾರ್ಡಿನವರೆಲ್ಲ "ಈಗ ಆರಾಮಾತು" ಎಂದರು. ಆರಾಮ ಆಗಿರಲಿಲ್ಲ. ತುತ್ತು ಬಾಯಲ್ಲಿಟ್ಟರೆ ಅಗಿಯುವುದನ್ನೇ ಮರೆಯುತ್ತಿದ್ದರು. ಮನೆಯವರಿಗೆ ಮಾತ್ರ ಗೊತ್ತಾಗುವ ಬದಲಾವಣೆ ಇದು, ಏಕೆಂದರೆ ಆ ಮನುಷ್ಯ ಮೊದಲು ಹೇಗಿದ್ದರು ಎಂದು ಗೊತ್ತಿರುವುದು ಮನೆಯವರಿಗೆ ಮಾತ್ರ. "ನಮ್ಮ ಅತ್ತಿ ಹಿಂಗಿದ್ದಿಲ್ಲರಿ" ಎಂದು ಹೇಳಿದರೆ ಸಾಕು, ಅದನ್ನು ರೋಗಲಕ್ಷಣವೆಂದೇ ಬರೆದುಕೊಳ್ಳಬೇಕು.

ಮನೆಗೆ ಬಂದ ಮೇಲೆ ನಾನು ಓದಲು ಶುರುಮಾಡಿದೆ. ಶಾಲೆಯಲ್ಲಿ ಪಾಠ ಮಾಡುವವಳಾದ್ದರಿಂದ ಹುಡುಕಿ ಓದುವ ಅಭ್ಯಾಸವಿತ್ತು. ಅಮೆರಿಕದ ಯೇಲ್‌ನಲ್ಲಿ ಶರೋನ್ ಇನೌಯೆ ಎಂಬ ವೈದ್ಯೆ 1999ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಕಣ್ಣು ತೆರೆಸಿತು. ಆಸ್ಪತ್ರೆ ಸೇರಿದ, ಎಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ 852 ಮಂದಿಯನ್ನು ಅವರ ತಂಡ ಗಮನಿಸಿತು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಇವಿಷ್ಟು: ದಿನವೂ ಯಾರಾದರೂ ಪಕ್ಕ ಕುಳಿತು ಇವತ್ತು ಯಾವ ವಾರ, ಎಲ್ಲಿದ್ದೇವೆ ಎಂದು ಮಾತಾಡಿಸುವುದು, ಕನ್ನಡಕ ಮತ್ತು ಕಿವಿಯ ಯಂತ್ರ ಹಾಕಿಸುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ರಾತ್ರಿ ನಿದ್ದೆಗುಳಿಗೆಯ ಬದಲು ಬೆಚ್ಚನೆಯ ಹಾಲು ಕೊಟ್ಟು ಬೆನ್ನು ನೀವುವುದು, ಗದ್ದಲ ಕಡಿಮೆ ಮಾಡುವುದು. ಎಂದಿನ ಆರೈಕೆಯ ಗುಂಪಿನಲ್ಲಿ ನೂರಕ್ಕೆ 15 ಮಂದಿಗೆ ಡೆಲಿರಿಯಂ ಬಂದರೆ ಈ ಗುಂಪಿನಲ್ಲಿ ನೂರಕ್ಕೆ ಹತ್ತಕ್ಕೂ ಕಡಿಮೆ. ಯಾವ ಹೊಸ ಔಷಧವೂ ಇಲ್ಲ, ಯಂತ್ರವೂ ಇಲ್ಲ.

ಔಷಧದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ, ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿ ಮಾಡಿದರು. ಇಂದಿಗೂ ಅದು ಪರಿಷ್ಕಾರಗೊಳ್ಳುತ್ತ ಬಳಕೆಯಲ್ಲಿದೆ. ನೆಗಡಿಗೆ, ತುರಿಕೆಗೆ ನಾವು ಸಲೀಸಾಗಿ ನುಂಗುವ ಹಳೆಯ ಕಾಲದ ಅಲರ್ಜಿ ಔಷಧಗಳು, ಹಲವು ನಿದ್ದೆಗುಳಿಗೆಗಳು ಅದರಲ್ಲಿವೆ. ಹರೆಯದವರಿಗೆ ಬರೀ ತೂಕಡಿಕೆ ತರುವ ಔಷಧ ಮುದುಕರಿಗೆ ಭ್ರಮೆ ತರಬಲ್ಲದು, ಮೂತ್ರ ಕಟ್ಟಿಸಬಲ್ಲದು. ವಯಸ್ಸಾದಂತೆ ಮೂತ್ರಪಿಂಡದ ಶಕ್ತಿ ಇಳಿಯುವುದರಿಂದ ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸಣಕಲು ದೇಹದ ಅಜ್ಜಿಯ ಕ್ರಿಯಾಟಿನಿನ್ ಕಾಗದದ ಮೇಲೆ ಸರಿಯಿದ್ದಂತೆ ಕಂಡರೂ ಮೂತ್ರಪಿಂಡ ಅರ್ಧ ಶಕ್ತಿಯಲ್ಲಿರಬಹುದು. "ಇದು ವಯಸ್ಸಾದವರಿಗೆ ನಡೀತದೇನ್ರಿ ಸರ?" ಎಂದು ಕೇಳುವುದನ್ನು ನಾನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ, ಒಂದು ಕ್ಷಣ ನಿಂತು ಯೋಚಿಸುತ್ತಾರೆ.

ನ್ಯುಮೋನಿಯಾ ಹೋಯಿತು, ಡೆಲಿರಿಯಂ ಕೂಡ ನಿಧಾನಕ್ಕೆ ಇಳಿಯಿತು. ಆದರೆ ಮನೆಗೆ ಬಂದ ಅತ್ತೆಯವರಿಗೆ ಹಿಡಿದು ನಿಲ್ಲಿಸದೆ ನಿಲ್ಲಲು ಆಗುತ್ತಿರಲಿಲ್ಲ. ಮಲಗಿಸಿದ್ದೇ ಕಾರಣ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರವತ್ತು ದಾಟಿದ, ಆರೋಗ್ಯವಾಗಿದ್ದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಆ ಹತ್ತು ದಿನಗಳಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿಹೋಗಿತ್ತು. ಅವರಿಗೆ ಜಡ್ಡೇ ಇರಲಿಲ್ಲ. ಜಡ್ಡಾಗಿ, ಊಟವಿಲ್ಲದೆ, ನಳಿಗೆ ಸೂಜಿಗಳಿಂದ ಮಂಚಕ್ಕೆ ಅಂಟಿ ಮಲಗಿದವರ ಗತಿ ಏನು? ನಮ್ಮ ಕಡೆ ಜಡ್ಡಾದವರಿಗೆ ಹೇಳುವ ಪ್ರೀತಿಯ ಮಾತೆಂದರೆ "ಏಳಬ್ಯಾಡ್ರಿ, ಮಲಕೋರಿ". ಮುಪ್ಪಿನಲ್ಲಿ ಈ ಪ್ರೀತಿಯೇ ಕಾಲು ಕಸಿಯುತ್ತದೆ.

ಎಬ್ಬಿಸಿ ನಡೆಸಬೇಕೆಂದರೆ ನಡೆದು ಹೋಗಲು ಒಂದು ಜಾಗ ಇರಬೇಕು, ಅದು ಬಚ್ಚಲು. ನಮ್ಮ ದವಾಖಾನೆಗಳ ಬಗ್ಗೆ ಮಾತಾಡುವಾಗ ಎಂ.ಆರ್.ಐ. ಇದೆಯೇ, ವೆಂಟಿಲೇಟರ್ ಇದೆಯೇ ಎಂದು ಕೇಳುತ್ತೇವೆ, ಬಚ್ಚಲಿನ ಬಗ್ಗೆ ಯಾರೂ ಕೇಳುವುದಿಲ್ಲ. ವಾರ್ಡಿನ ಕಟ್ಟಕಡೆಗೆ ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ಸದಾ ಒದ್ದೆಯಾದ ನುಣುಪು ಟೈಲ್ಸು, ಹೊಸ್ತಿಲು ಎತ್ತರ, ಹಿಡಿಯಲು ಏನೂ ಇಲ್ಲ, ಒಳಗೆ ದೀಪ ಮಿಣುಕು. ಮೊಣಕಾಲು ಸವೆದ ಅಜ್ಜಿ ಅಲ್ಲಿ ಕೂತರೆ ಏಳಲಾರಳು. ಹೀಗಾಗಿ ನಳಿಗೆ ಹಾಕುತ್ತಾರೆ. ನಳಿಗೆ ಒಂದೊಂದು ದಿನ ಹೆಚ್ಚು ಇದ್ದಂತೆ ಮೂತ್ರದ ಸೋಂಕಿನ ಸಂಭವವೂ ಹೆಚ್ಚುತ್ತದೆ. ಸೋಂಕಿನಿಂದ ಮತ್ತೆ ಭ್ರಮೆ. ನಳಿಗೆ ಇಲ್ಲದ ಹೆಣ್ಣುಮಕ್ಕಳು ಬಚ್ಚಲಿಗೆ ಹೋಗುವ ಹೆದರಿಕೆಗೆ ನೀರನ್ನೇ ಬಿಡುತ್ತಾರೆ. ನಾಲಿಗೆ ಒಣಗಿ ಕಟ್ಟಿಗೆಯಾದರೂ "ಬ್ಯಾಡವಾ, ನೀರಡಿಕಿ ಇಲ್ಲ" ಎನ್ನುತ್ತಾರೆ. ನೀರು ಕಡಿಮೆಯಾದರೆ ಬಿ.ಪಿ. ಇಳಿದು ಎದ್ದ ಕೂಡಲೇ ಕಣ್ಣು ಕತ್ತಲೆ ಬಂದು ಬೀಳುವುದು. ಗೋಡೆಗೆ ಎರಡು ಹಿಡಿಕೆ ಕಂಬಿ, ಮಂಚದ ಪಕ್ಕ ಇಡಬಲ್ಲ ಒಂದು ಕಮೋಡ್ ಕುರ್ಚಿ, ಒಣಗಿದ ನೆಲ. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಕೂಡ ಇದನ್ನು ಮಾಡಬಹುದು.

ಊಟದ್ದೂ ಇದೇ ಕಥೆ. ಬ್ರೆಡ್ಡು, ಬಿಸ್ಕೀಟು ಅತ್ತೆಯವರ ಪಾಲಿಗೆ ಊಟವಲ್ಲ. ಅವರಿಗೆ ಜೋಳದ ರೊಟ್ಟಿಯೇ ಬೇಕು. ಕಟ್ಟಿಸಿದ ಹಲ್ಲು ಚೀಲದಲ್ಲಿ, ರೊಟ್ಟಿ ಅಗಿಯುವುದು ಹೇಗೆ? ಬಿಸಿ ಹಾಲಿನಲ್ಲೋ ತೆಳುಬೇಳೆಯಲ್ಲೋ ರೊಟ್ಟಿ ಹಿಸುಕಿ ಕೊಟ್ಟರೆ ಹೋಗುತ್ತದೆ, ಅಂಬಲಿ ಹೋಗುತ್ತದೆ. ಮುಖ್ಯವಾದದ್ದು ಒಂದಿದೆ: ಮಲಗಿಸಿಕೊಂಡು ಎಂದೂ ತಿನ್ನಿಸಬಾರದು, ಕುಡಿಸಬಾರದು. ಬೆನ್ನು ನೆಟ್ಟಗೆ ಕೂರಿಸಿ, ಒಂದು ತುತ್ತು ಪೂರ್ತಿ ಒಳಗೆ ಹೋದ ಮೇಲೆಯೇ ಇನ್ನೊಂದು. ಇಲ್ಲದಿದ್ದರೆ ಆಹಾರ ಶ್ವಾಸನಾಳಕ್ಕೆ ಇಳಿದು ಹೊಸ ನ್ಯುಮೋನಿಯಾ. ಪಕ್ಕದ ಹಾಸಿಗೆಯ ಅಜ್ಜನಿಗೆ ಮಗಳು ಮಲಗಿದಲ್ಲೇ ಚಮಚೆಯಿಂದ ಗಂಜಿ ಹಾಕುತ್ತಿದ್ದಳು, ಅಷ್ಟು ಅಕ್ಕರೆಯಿಂದ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆಯವರು ಅಂಗಳದಲ್ಲಿ ಬಿದ್ದು ತೊಡೆಯ ಮೇಲ್ಭಾಗದ ಎಲುಬು ಮುರಿಯಿತು. ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ, ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ದಾರಿಯುದ್ದಕ್ಕೂ ನಮ್ಮವರೊಬ್ಬರು ಫೋನಿನಲ್ಲಿ, "ಈ ವಯಸ್ಸಿನ್ಯಾಗ ಆಪರೇಶನ್ ಬ್ಯಾಡ, ಪುತ್ತೂರು ಕಟ್ಟು ಹಾಕಿಸಿ ಮಲಗಸ್ರಿ" ಎನ್ನುತ್ತಲೇ ಇದ್ದರು. ಇದು ಬಹಳ ಮನೆಗಳಲ್ಲಿ ಕೇಳುವ ಮಾತು. ಕೇಳಿದರೆ ಪೆಟ್ಟು ಬೀಳುವುದು ಮುದುಕರಿಗೆ. ಈ ಎಲುಬು ಮುರಿದವರನ್ನು ತಿಂಗಳುಗಟ್ಟಲೆ ಮಲಗಿಸಿದರೆ ಬೆನ್ನಹುಣ್ಣು, ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವುದು ಸಾಲಾಗಿ ಬರುತ್ತವೆ. ದೇಹ ತಡೆಯುವ ಸ್ಥಿತಿಯಲ್ಲಿದ್ದರೆ ಎರಡು ದಿನದೊಳಗೆ ಆಪರೇಶನ್ ಮಾಡಿ ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಬೇಕು ಎಂಬುದು ಈಗ ಒಪ್ಪಿತವಾದ ರೀತಿ. ವಯಸ್ಸು ಆಪರೇಶನ್ನಿಗೆ ಅಡ್ಡಿ ಎಂದುಕೊಳ್ಳುತ್ತೇವೆ. ಆದರೆ ಇಲ್ಲಿ ವಯಸ್ಸಾಗಿದೆ ಎಂಬುದೇ ಬೇಗ ಮಾಡಲು ಕಾರಣ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕಂಡದ್ದು ಬೇರೆಯೇ ನಡವಳಿಕೆ. ಸೇರಿಸಿಕೊಳ್ಳುವಾಗಲೇ ಸಿಸ್ಟರ್ ಕೇಳಿದರು, "ಅಜ್ಜಿ ಮನ್ಯಾಗ ತಾವಽ ಅಡ್ಡಾಡ್ತಿದ್ರಾ? ಚಾಳೀಸ ಎಲ್ಲಿ? ಯಾವ ಕಿವಿ ಛಲೋ ಕೇಳಸ್ತದ?" ಹಾಸಿಗೆಯ ತಲೆದೆಸೆಯ ಕಾಗದದಲ್ಲಿ "ಬಲಗಿವಿಗೆ ಮಾತಾಡಿ" ಎಂದು ಬರೆದರು. ಹಿಂದಿನ ಸಲ ಭ್ರಮೆಯಾಗಿತ್ತು ಎಂದು ನಾನು ಹೇಳಿದ್ದನ್ನು ಡಾಕ್ಟರು ಕೆಂಪು ಅಕ್ಷರದಲ್ಲಿ ಬರೆದುಕೊಂಡರು. ಒಮ್ಮೆ ಡೆಲಿರಿಯಂ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ನೋವಿಗೆ ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್ ಕೊಟ್ಟರು, ಕೇಳುವವರೆಗೆ ಕಾಯಲಿಲ್ಲ. ನಮ್ಮ ಹಿರಿಯ ಹೆಣ್ಣುಮಕ್ಕಳು ನೋವು ಎಂದು ಬಾಯಿಬಿಟ್ಟು ಕೇಳುವವರಲ್ಲ, ಮುಖ ನೋಡಿ ತಿಳಿದುಕೊಳ್ಳಬೇಕು. ಆಪರೇಶನ್ನಿನ ಮರುದಿನ ಮುಂಜಾನೆ ನಳಿಗೆ ತೆಗೆದರು.

ಅಂದೇ ಫಿಜಿಯೋಥೆರಪಿಯ ಹುಡುಗಿ ವಾಕರ್ ಹಿಡಿದು ಬಂದಳು. ಗದಗ ಕಡೆಯವಳು. "ಅಜ್ಜೀ, ಏಳ್ರಿ, ಬಾಗ್ಲಾತನ ಹೋಗಿ ಬರೂಣು." ಅತ್ತೆ ನನ್ನ ಕಡೆ ನೋಡಿದರು. "ಯವ್ವಾ, ಎಲುಬು ಮುರದೈತಿ, ಇಕೀ ಏಳಂತಾಳ!" ಆ ಹುಡುಗಿ ನಗುತ್ತ, "ಮುರದಿದ್ದನ್ನ ಸರಿ ಮಾಡ್ಯಾರ್ರಿ, ಈಗ ಅದನ್ನ ನಂಬಬೇಕು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ನೀವು ನಿಂತು ನೋಡಬ್ಯಾಡ್ರಿ, ಬರ್ರಿ ಇಲ್ಲೆ" ಎಂದು ಸೊಂಟಕ್ಕೆ ಬೆಲ್ಟ್ ಹೇಗೆ ಕಟ್ಟಬೇಕು, ನನ್ನ ಕಾಲು ಎಲ್ಲಿಡಬೇಕು, ತೋಳು ಹಿಡಿದು ಯಾಕೆ ಎಳೆಯಬಾರದು ಎಂದು ತೋರಿಸಿದಳು. ಮಧ್ಯಾಹ್ನ ನಾನೇ ಎಬ್ಬಿಸಬೇಕು, ಅವಳು ನೋಡುತ್ತಾಳೆ. ಸಂಜೆ ನಾನೊಬ್ಬಳೇ. ಹೀಗೆ ಯಾರಾದರೂ ನನಗೆ ಕಲಿಸಿದ್ದು ಅದೇ ಮೊದಲು.

ರಾತ್ರಿ ಮತ್ತೆ ಸ್ವಲ್ಪ ತೊದಲಿದರು, ಎಲ್ಲಿದ್ದೇನೆ ಎಂದು ಕೇಳಿದರು. ಪರೀಕ್ಷೆಗೆ ಬಂದ ಡಾಕ್ಟರು ತಾರೀಖು ಕೇಳಿದರೆ ಅತ್ತೆ ಸುಮ್ಮನಿದ್ದರು. ತಾರೀಖು ಅವರು ಆರಾಮಿದ್ದಾಗಲೂ ಹೇಳಿದವರಲ್ಲ. ನಾನು ಬಲಗಿವಿಗೆ ಬಾಗಿ, "ಅತ್ತಿ, ನಾಳಿ ಗುರುವಾರರಿ" ಎಂದೆ. ಸ್ವಲ್ಪ ಹೊತ್ತಿಗೆ, "ಹಂಗಾರ ಬ್ಯಾಡಗಿ ಪ್ಯಾಟಿ ಐತಿ" ಎಂದರು. ಅಲ್ಲಿಂದ ಒಂದೊಂದೇ ಎಳೆ ಹಿಡಿದು ಮೆಣಸಿನಕಾಯಿ, ಚೀಲ, ಟ್ರ್ಯಾಕ್ಟರು, ಮಗ, ಹುಬ್ಬಳ್ಳಿ ಎಂದು ಇವತ್ತಿನವರೆಗೆ ಬಂದೆವು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಡಲಾಗದು, ಒಬ್ಬೊಬ್ಬರಿಗೆ ಒಂದೊಂದು ದಾರಿ. ಬ್ಯಾಡಗಿಯ ಸಂತೆಯ ದಿನ ಯಾವುದೆಂದು ಗೊತ್ತಿದ್ದ ಸೊಸೆ ಪಕ್ಕದಲ್ಲಿದ್ದದ್ದು ಅಂದು ರಾತ್ರಿ ಔಷಧವೇ ಆಯಿತು.

ಇದೇ ನಾನು ಹೇಳಬೇಕೆಂದಿರುವ ಮಾತು. ಯೇಲ್‌ನಲ್ಲಿ ಮುದುಕರ ಪಕ್ಕ ಕುಳಿತು ಮಾತಾಡಿಸಲು, ನೀರು ಕುಡಿಸಲು, ನಡೆಸಲು ಸ್ವಯಂಸೇವಕರನ್ನು ಹುಡುಕಿ, ತರಬೇತಿ ಕೊಟ್ಟು ತರಬೇಕಾಯಿತು. ನಮ್ಮಲ್ಲಿ ಪ್ರತಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ಒಬ್ಬ ಮಗಳೋ ಸೊಸೆಯೋ ಮೊಮ್ಮಗನೋ ಆಗಲೇ ಕುಳಿತಿದ್ದಾರೆ. ಹಗಲೂ ರಾತ್ರಿ. ಆದರೆ ನಮ್ಮ ದವಾಖಾನೆಗಳು ಅವರನ್ನು ಕಾಣುವುದು ಗದ್ದಲವೆಂದು. ರೌಂಡ್ಸ್ ಹೊತ್ತಿಗೆ ಹೊರಗೆ ಕಳಿಸುತ್ತಾರೆ. ಡಾಕ್ಟರು ಹೇಳಿದ್ದನ್ನು ಕೇಳಬೇಕಾದವಳೇ ಕಾರಿಡಾರಿನಲ್ಲಿರುತ್ತಾಳೆ. ಒಳಗೆ ಬಂದ ಮೇಲೆ ಅವಳಿಗೆ ಸಿಗುವುದು ಚೀಟಿ: ಇದನ್ನು ಮೆಡಿಕಲ್ ಶಾಪಿನಿಂದ ತನ್ನಿ, ಇದನ್ನು ಲ್ಯಾಬಿಗೆ ಕೊಡಿ, ಅಲ್ಲಿ ದುಡ್ಡು ಕಟ್ಟಿ. ರೋಗಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳನ್ನು ನಾವು ಓಡಾಟದ ಆಳನ್ನಾಗಿ ಮಾಡಿದ್ದೇವೆ. ಆಕೆಯನ್ನು ರೌಂಡ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಸೇರಿದ ಮೊದಲ ದಿನವೇ ಅರ್ಧ ಗಂಟೆ ಕೊಟ್ಟು ಕೂರಿಸುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು, ಎಬ್ಬಿಸುವುದು ಹೇಗೆಂದು ಮಾಡಿ ತೋರಿಸಬೇಕು. ಅವಳು "ಇವತ್ತು ಯಾಕೋ ಬ್ಯಾರೆ ಅನಸ್ತಾರ" ಎಂದರೆ ಬರೆದುಕೊಳ್ಳಬೇಕು.

ಹಾಗೆಂದು ದವಾಖಾನೆಯ ಕೆಲಸವನ್ನೆಲ್ಲ ಮನೆಯ ಹೆಂಗಸಿನ ತಲೆಗೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಹೊಲದ ಕೂಲಿ ಬಿಟ್ಟು ಬಂದು ಕೂತವಳಿಗೆ ಅಂದಿನ ಗಳಿಕೆಯಿಲ್ಲ. ನೆಲದ ಮೇಲೆ ಮಲಗಿ ಅವಳೇ ಜ್ವರ ಹಿಡಿಸಿಕೊಳ್ಳುತ್ತಾಳೆ. ಅವಳಿಗೆ ಒಂದು ಮಡಿಚುವ ಕುರ್ಚಿ, ಸ್ನಾನಕ್ಕೆ ಜಾಗ, ಎರಡು ಹೊತ್ತು ಊಟ ಸಿಗಬೇಕು. ಇದು ಉಪಕಾರವಲ್ಲ, ಚಿಕಿತ್ಸೆಯ ಭಾಗ.

ಕಾನೂನು ಇಲ್ಲವೆಂದಲ್ಲ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಜನ ಮಕ್ಕಳ ಮೇಲೆ ದೂರು ಕೊಡುವ ಕಾಯ್ದೆಯೆಂದಷ್ಟೇ ಬಲ್ಲರು. ಅದರ 20ನೆಯ ಕಲಮು ದವಾಖಾನೆಗಳ ಬಗ್ಗೆಯೇ ಇದೆ: ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಸಾಧ್ಯವಾದಷ್ಟೂ ಹಾಸಿಗೆ, ಪ್ರತ್ಯೇಕ ಸರದಿ, ಜಿಲ್ಲಾ ಆಸ್ಪತ್ರೆಯಲ್ಲಿ ಮುಪ್ಪಿನ ಚಿಕಿತ್ಸೆಯ ಅನುಭವವುಳ್ಳ ವೈದ್ಯಾಧಿಕಾರಿಯ ಕೈಕೆಳಗೆ ಮೀಸಲು ಸೌಲಭ್ಯ. 2010-11ರಲ್ಲಿ ಶುರುವಾದ ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡನ್ನೂ ಫಿಜಿಯೋಥೆರಪಿಯನ್ನೂ ಹೇಳುತ್ತದೆ. ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ 1978ರಷ್ಟು ಹಿಂದೆಯೇ ವೃದ್ಧರಿಗಾಗಿ ಪ್ರತ್ಯೇಕ ಚಿಕಿತ್ಸೆ ಆರಂಭಿಸಿದ್ದರು. ಅದಕ್ಕೂ ಮೊದಲು, 1935ರಲ್ಲಿ, ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ, ಇನ್ನು ಏಳಲಾರರು ಎಂದು ಬಿಟ್ಟಿದ್ದ ಮುದುಕರ ವಾರ್ಡುಗಳು ಬಂದವು. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಎಬ್ಬಿಸಿ, ಎಷ್ಟೋ ಜನರನ್ನು ಮನೆಗೆ ಕಳಿಸಿದರು. ಇಡೀ ಶಾಸ್ತ್ರ ಹುಟ್ಟಿದ್ದೇ ಮಲಗಿದವರನ್ನು ಎಬ್ಬಿಸುವುದರಿಂದ.

ಈಗ ನಮ್ಮ ಹಾವೇರಿಗೂ ವೈದ್ಯಕೀಯ ಕಾಲೇಜು ಬಂದಿದೆ. 2022-23ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳು ಸೇರಿದರು. ನನ್ನ ಆಸೆಯೊಂದಿದೆ. ಆ ಮಕ್ಕಳು, ನರ್ಸಿಂಗ್ ಓದುವ ಮಕ್ಕಳು ದಿನಕ್ಕೆ ಒಂದು ತಾಸು ಒಬ್ಬ ಅಜ್ಜನ ಅಥವಾ ಅಜ್ಜಿಯ ಪಕ್ಕ ಕುಳಿತುಕೊಳ್ಳಲಿ. ಚಾಳೀಸು ಒರೆಸಿ ಹಾಕಲಿ, ಒಂದು ಲೋಟ ನೀರು ಕುಡಿಸಲಿ, ಬಾಗಿಲತನಕ ನಡೆಸಿ ಬರಲಿ. ಬೆಂಗಳೂರು, ಮಂಗಳೂರಿನಿಂದ ಬಂದ ಹುಡುಗ ಹುಡುಗಿಯರು ಅಷ್ಟರಲ್ಲಿ ನಮ್ಮ ಕಡೆಯ ಕನ್ನಡವನ್ನೂ ಕಲಿತಾರು. "ತಲಿ ಗಿಂವ್ ಅಂತದ", "ಕಾಲಾಗ ಜೀವ ಇಲ್ಲ", "ಹೊಟ್ಟಿ ತೊಳಸ್ತದ" ಎಂದರೆ ಏನೆಂದು ತಿಳಿಯದೆ ಬರೆದ ಕೇಸ್ ಶೀಟಿನಿಂದ ಯಾರಿಗೆ ಒಳ್ಳೆಯದಾಗುತ್ತದೆ?

ಡಿಸ್ಚಾರ್ಜ್ ದಿನದ ಬಗ್ಗೆ ಒಂದಿಷ್ಟು. ಹುಬ್ಬಳ್ಳಿಯಿಂದ ಹೊರಡುವ ಮೊದಲು ಫಾರ್ಮಸಿಯವರು ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಸುರಿಸಿದರು. ಬೇರೆ ಬೇರೆ ಹೆಸರಿನ ಎರಡು ಪಟ್ಟಿಗಳು ಒಂದೇ ಬಿ.ಪಿ. ಔಷಧ, ಆಮ್ಲೋಡಿಪಿನ್. ಒಂದು ಹಾವೇರಿಯ ಡಾಕ್ಟರು ಬರೆದದ್ದು, ಇನ್ನೊಂದು ಇನ್ನೆಲ್ಲೋ ಬರೆದದ್ದು. ಅತ್ತೆಯವರು ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಅವರು ಅಂಗಳದಲ್ಲಿ ಬಿದ್ದದ್ದು ನಸುಕಿನಲ್ಲಿ ಹಾಸಿಗೆಯಿಂದ ಎದ್ದ ಕೂಡಲೇ ಎಂಬುದನ್ನು ಡಾಕ್ಟರು ಆಗ ಮತ್ತೊಮ್ಮೆ ಕೇಳಿ ತಿಳಿದುಕೊಂಡರು. ಒಂದು ಪಟ್ಟಿ ಕಸದ ಬುಟ್ಟಿ ಸೇರಿತು. ಉಳಿದ ಗುಳಿಗೆಗಳ ಚೀಟಿಯಲ್ಲಿ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ, ಯಾವುದು ಯಾತಕ್ಕೆ ಎಂದು ಬರೆದುಕೊಟ್ಟರು. ಮನೆಯಲ್ಲಿ ಮಲಗುವ ಕೋಣೆಯಿಂದ ಬಚ್ಚಲಿಗೆ ಎಷ್ಟು ಮೆಟ್ಟಿಲು ಎಂದು ಕೇಳಿದರು. ಬರುವಷ್ಟರಲ್ಲಿ ನಮ್ಮವರು ಬಚ್ಚಲ ಗೋಡೆಗೆ ಪ್ಲಂಬರಿಂದ ಎರಡು ಪೈಪಿನ ತುಂಡು ಬಿಗಿಸಿದ್ದರು.

ಕಾಯುವವರೇ ಇಲ್ಲದವರ ವಿಷಯ ಉಳಿದಿದೆ, ಮತ್ತು ಅದೇ ಎಲ್ಲಕ್ಕಿಂತ ಕಠಿಣವಾದದ್ದು. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ. ಊರಲ್ಲಿ ಅಜ್ಜ ಅಜ್ಜಿ ಇಬ್ಬರೇ, ಅಥವಾ ಒಬ್ಬರೇ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಆಯಾ ಇಡಲು ಆಗದು. ಇಂಥವರಿಗೆ ದವಾಖಾನೆಯೇ ಕಾಯುವವರನ್ನು ಕೊಡಬೇಕು, ಅದಕ್ಕೆ ಸಂಬಳದ ಹುದ್ದೆಗಳು ಬೇಕು. ನಮ್ಮ ಓಣಿಯ ಅಜ್ಜರೊಬ್ಬರು ಹೀಗೇ ಒಂಟಿಯಾಗಿ ಸೇರಿದಾಗ ನಾವು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಪಾಳಿ ಹಚ್ಚಿಕೊಂಡು ಕುಳಿತೆವು. ಆಗ ಒಬ್ಬೊಬ್ಬರಿಗೂ ಒಂದೊಂದು ತಿಳಿಯದೆ ಹೋಗಿ, ಸಂಘದ ಸಭೆಗೆ ಒಬ್ಬ ಫಿಜಿಯೋಥೆರಪಿಸ್ಟರನ್ನು ಕರೆಸಿದೆವು. ಆಶಾ ಕಾರ್ಯಕರ್ತೆಯೂ ಬಂದಿದ್ದರು. ಗುಡಿಯ ಮುಂದಿನ ಕಟ್ಟೆಯ ಮೇಲೆ ಹಗ್ಗದ ಮಂಚ ಹಾಕಿ, ನಮ್ಮಲ್ಲೇ ಒಬ್ಬಳನ್ನು ರೋಗಿ ಮಾಡಿ ಮಲಗಿಸಿ, ಮಗ್ಗುಲು ಬದಲಿಸುವುದರಿಂದ ಹಿಡಿದು ಎಬ್ಬಿಸಿ ಕುರ್ಚಿಗೆ ಕೂರಿಸುವವರೆಗೆ ಕಲಿತೆವು. ಮೊದಲ ಪ್ರಶ್ನೆ ಕೇಳಿದವಳು ಎರಡು ವರ್ಷದಿಂದ ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುತ್ತಿರುವವಳು: "ಅವರನ್ನ ಎತ್ತಿ ಎತ್ತಿ ನನ್ನ ನಡಾನಽ ಹೋಗೇತ್ರಿ. ನನ್ನ ನಡಾ ಉಳಿಯೂ ಹಂಗ ಎತ್ತೂದು ಹೆಂಗ, ಮೊದಲ ಅದನ್ನ ತೋರಸ್ರಿ." ಅಂದಿನ ಮಧ್ಯಾಹ್ನದ ಬಹುಪಾಲು ಅದನ್ನು ಕಲಿಯುವುದರಲ್ಲೇ ಕಳೆಯಿತು. ಮುಂದಿನ ಸಭೆಗೆ ಗಂಡಸರನ್ನೂ ಕರೆಯಬೇಕೆಂದು ಠರಾವು ಬರೆದಿದ್ದೇವೆ.